ನೋಡಿ ಎದ್ದು ಹೋಗಬೇಡಿ

ಗೆಳತಿಯರೇ, ನಿವೃತ್ತಳಾದ ಮೇಲೆ ಗೋಕಾಕದ ನನ್ನ ಮನೆಯಲ್ಲಿ ಟೀವಿಯಲ್ಲಿ ಹಳೆಯ ಸಿನಿಮಾ ನೋಡುವುದು ರೂಢಿಯಾಗಿದೆ. ಮೂಡಲಗಿ, ಹುಕ್ಕೇರಿ ಕಡೆಯ ಸಂಘದ ಹೆಣ್ಣುಮಕ್ಕಳೂ ಊರಿಗೆ ಬಂದಾಗ ಜೊತೆಗೆ ಕೂಡುತ್ತಾರೆ.

1989ರ ‘ನಂಜುಂಡಿ ಕಲ್ಯಾಣ’ ನೋಡಿ ಎಲ್ಲರೂ ನಕ್ಕೆವು. ಮುಗಿದ ಮೇಲೆ ನನಗೆ ಬೇಸರವಾಯಿತು. ಸೊಕ್ಕಿನ ಹೆಂಡತಿಯನ್ನು ಗಂಡ ಪಳಗಿಸುವುದೇ ಅಲ್ಲಿನ ನಗೆ. ಇಂಥ ಚಿತ್ರಗಳಲ್ಲಿ ಪಳಗಬೇಕಾದವಳು ಯಾವಾಗಲೂ ಹೆಣ್ಣೇ ಏಕೆ?

ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ‘ಶರಪಂಜರ’ ಹಾಗಲ್ಲ. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಗಂಡನ ತಾತ್ಸಾರ, ಸುತ್ತಲಿನವರ ಸಂಶಯ ಮತ್ತೆ ಅಲ್ಲಿಗೇ ನೂಕುತ್ತವೆ. ಕೊನೆ ದುಃಖದ್ದೇ. ಆದರೆ ಅದನ್ನು ನೋಡಿದ ಮೂಡಲಗಿ ಕಡೆಯ ಒಬ್ಬಾಕೆ ಮೊದಲ ಸಲ ಬಾಯಿಬಿಟ್ಟಳು: “ಅಕ್ಕೋರ, ತವರಿಂದ ರೊಕ್ಕ ತರಲಿಲ್ಲಂತ ಮನ್ಯಾಗ ನನಗೂ ಹುಚ್ಚಿ ಅಂತಾರ್ರಿ.”

ವರದಕ್ಷಿಣೆಗಾಗಿ ಕಾಡುವುದೂ ಹೀಗೆ ಹೀಯಾಳಿಸುವುದೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ದೌರ್ಜನ್ಯವೇ ಎಂದೆ. ಮಹಿಳಾ ಸಹಾಯವಾಣಿ 181 ಬರೆದುಕೊಟ್ಟೆ. ಸಂಘದವರು ಆಕೆಯ ಬೆನ್ನಿಗೆ ನಿಂತರು.

‘ಸಹಿಸಿಕೋ’ ಎನ್ನುವ ಸಿನಿಮಾ ಸಾಕು. ಬಾಯಿ ಬಿಡಿಸುವಂಥದ್ದನ್ನು ನೋಡೋಣ. ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡೋಣ.