ಸುಮ್ಮನೆ ಕೂರದ ಮಗುವಿಗೆ ಸಂಗೀತ ಬೇಡವೇ?

ನಮ್ಮ ಊರುಗಳಲ್ಲಿ ಈಗ ಪಿಯಾನೊ, ಕೀಬೋರ್ಡ್ ಕ್ಲಾಸುಗಳಿಗೆ ಬರವಿಲ್ಲ. ಬರವಿರುವುದು ಕಲಿಸುವವರ ತಾಳ್ಮೆಗೆ. ಆಟಿಸಂ ಇರುವ ಮಗನನ್ನು ಕರೆದುಕೊಂಡು ಹೋದ ತಾಯಿಗೆ ಸಾಮಾನ್ಯವಾಗಿ ಸಿಗುವ ಉತ್ತರ: "ಮೊದಲು ಸುಮ್ಮನೆ ಕೂರುವುದು ಕಲಿಸಿ, ಆಮೇಲೆ ಕರೆತನ್ನಿ." ಜ್ವರ ಬಿಟ್ಟ ಮೇಲೆ ಬನ್ನಿ ಎಂದು ಡಾಕ್ಟರು ಹೇಳಿದಂತಾಯಿತು!

ನೊಟೇಶನ್ ಓದಲಾರದವರಿಗೆ ಸಂಗೀತ ಬಾರದು ಎನ್ನುವುದಂತೂ ಕರ್ನಾಟಕದಲ್ಲಿ ನಾಚಿಕೆಗೇಡಿನ ಮಾತು. ಗುರು ಹಾಡಬೇಕು, ಶಿಷ್ಯ ಕೇಳಿ ಹಾಡಬೇಕು. ನಮ್ಮ ಪದ್ಧತಿಯೇ ಅದು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ವಿದ್ಯೆ ಧಾರೆಯೆರೆದರು. ಅವರ ಶಿಷ್ಯ, ಗದುಗಿನ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅವರ ಪಟಕ್ಕೆ ಹಾರ ಹಾಕುವವರೇ ಮನೆ ಬಾಗಿಲಿಗೆ ಬಂದ ಮಗುವನ್ನು ಹಿಂದಕ್ಕೆ ಕಳಿಸುತ್ತೇವೆ.

ಪಿಯಾನೊದ ಶಿಸ್ತೇ ಬೇರೆ ಎನ್ನುತ್ತೀರಾ? ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಚುಕ್ಕಿ ಲಿಪಿಯಲ್ಲೇ ಸಂಗೀತಕ್ಕೂ ಜಾಗವಿತ್ತು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಾಲ್ ವಿಟ್‌ಗೆನ್‌ಸ್ಟೈನ್ ಪಿಯಾನೊ ಬಿಡಲಿಲ್ಲ. ಅವರಿಗೆಂದು ರವೇಲ್ ಎಡಗೈಯೊಂದರಲ್ಲೇ ನುಡಿಸುವ ಕೃತಿ ರಚಿಸಿದರು. 1932ರಲ್ಲಿ ವಿಯೆನ್ನಾದಲ್ಲಿ ಅದನ್ನು ನುಡಿಸಿದರು. ಇದ್ದ ಕೈಗೆ ತಕ್ಕಂತೆ ಸಂಗೀತವೇ ಹೊಂದಿಕೊಂಡಿತು.

ನಾವು ಮಾಡಬೇಕಾದದ್ದು ಅಷ್ಟು ದೊಡ್ಡದೇನಲ್ಲ. ಅರ್ಧ ಗಂಟೆ ಕೂರಲಾರದ ಮಗುವಿಗೆ ಹತ್ತು ಹತ್ತು ನಿಮಿಷದ ಪಾಠ. ಓದಲು ತಡವರಿಸುವವಳಿಗೆ ಮನೆಗಳ ಮೇಲೆ ಬಣ್ಣದ ಚೀಟಿ, ಇಲ್ಲವೇ ಬರೀ ಕೇಳಿ ಕಲಿಯುವ ಪಾಠ. ಸದ್ದಿಗೆ ಬೆದರುವವನಿಗೆ ಕೀಬೋರ್ಡಿನ ವಾಲ್ಯೂಮ್ ತಗ್ಗಿಸಿದರಾಯಿತು. ಕಾಲಿಗೆ ಶಕ್ತಿಯಿಲ್ಲದವನಿಗೆ ಪೆಡಲ್ ಬೇಡದ ಕೃತಿಗಳು ಬೇಕಾದಷ್ಟಿವೆ. ಪರೀಕ್ಷೆಯ ನೆಪವೂ ಬೇಡ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಯಲ್ಲಿ ಮೊದಲೇ ಕೇಳಿಕೊಂಡವರಿಗೆ ಹೆಚ್ಚಿನ ಸಮಯ ಕೊಡುತ್ತಾರೆ.

"ಉಳಿದ ಮಕ್ಕಳಿಗೆ ತೊಂದರೆಯಾಗುತ್ತದಲ್ಲ?" ಎನ್ನುವವರಿದ್ದಾರೆ. ಇಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ನಲವತ್ತು ಮಕ್ಕಳು ಒಂದೇ ರೀತಿಯಲ್ಲಿ ಕಲಿತದ್ದನ್ನು ಒಂದು ದಿನವೂ ಕಂಡಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕೆಯ ತೊಡಕುಗಳನ್ನೂ ಹೆಸರಿಸಿದೆ. ಆದರೆ ಕಾಯ್ದೆ ನಮ್ಮ ಬೀದಿಯ ಕ್ಲಾಸಿನವರೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಕರೆತರಬೇಕಾದವರು ಫೀಸು ಕಟ್ಟುವ ನಾವು. "ಆ ಹುಡುಗನನ್ನು ನನ್ನ ಮಗಳ ಪಕ್ಕ ಕೂರಿಸಬೇಡಿ" ಎಂದು ಟೀಚರ ಕಿವಿಯಲ್ಲಿ ಪಿಸುಗುಟ್ಟುವವರೂ ನಮ್ಮಲ್ಲೇ ಇದ್ದಾರೆ. ಇನ್ನು ಮೇಲೆ ಕ್ಲಾಸಿಗೆ ಸೇರಿಸುವ ಮೊದಲು ಒಂದು ಮಾತು ಕೇಳಿ: "ಇಲ್ಲಿ ಎಲ್ಲ ಮಕ್ಕಳಿಗೂ ಕಲಿಸುತ್ತೀರಾ?" ಇಲ್ಲವೆಂದರೆ, ಫೀಸು ಕಟ್ಟದೆ ಎದ್ದು ಬನ್ನಿ.