ಕೀರ್ತಿಯ ತಕ್ಕಡಿಯೂ ಕಡೂರಿನ ಆಟಗಾರ್ತಿಯೂ

ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರಾದ ಶ್ರೀಮತಿ ವೇದಾ ಕೃಷ್ಣಮೂರ್ತಿಯವರು 2025ನೆಯ ಇಸವಿ ಜುಲೈ ತಿಂಗಳಲ್ಲಿ ಕ್ರಿಕೆಟ್ ಆಟದಿಂದ ನಿವೃತ್ತರಾದರು. ಅದೇ ವರ್ಷ ನವೆಂಬರ್ 2ರಂದು ನಮ್ಮ ದೇಶದ ಮಹಿಳೆಯರು ದಕ್ಷಿಣ ಆಫ್ರಿಕಾ ತಂಡವನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದರು. ಗೆದ್ದವರ ಹೆಸರು ಮನೆಮನೆಯ ಮಾತಾಯಿತು. ಅದು ನ್ಯಾಯವೇ ಸರಿ. ಆದರೆ ದಾರಿ ಸವೆಸಿದವರನ್ನು ಜನರು ಅಷ್ಟೇ ಬೇಗ ಮರೆಯುವುದು ನ್ಯಾಯವೆಂದು ನಾವು ಒಪ್ಪಲಾರೆವು.

ಶ್ರೀಮತಿಯವರನ್ನು ಮಿತಾಲಿ ರಾಜ್, ಹರ್ಮನ್‌ಪ್ರೀತ್ ಕೌರ್ ಮೊದಲಾದ ಸಮಕಾಲೀನರೊಡನೆ ತೂಗಿ, ಶತಕವೊಂದೂ ಇಲ್ಲವೆಂದು ಮೂಗು ಮುರಿಯುವವರುಂಟು. ಅಂಕಿಗಳು ಸುಳ್ಳಲ್ಲ. ಆದರೆ ಮಧ್ಯಮ ಸರದಿಯಲ್ಲಿ ಬರುವವರಿಗೆ ಉಳಿಯುವ ಚೆಂಡುಗಳೆಷ್ಟು ಎಂಬುದನ್ನು ತೂಗುವವರು ಯೋಚಿಸಬೇಡವೆ? 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಮೇಲೆ ಮಿತಾಲಿಯವರು 109 ಓಟಗಳನ್ನು ಗಳಿಸಿದರೆ, ವೇದಾ ಅವರು 45 ಚೆಂಡುಗಳಲ್ಲಿ 70 ಓಟಗಳನ್ನು ಗಳಿಸಿದರು. ಅದೇ ಪಂದ್ಯದಲ್ಲಿ ಕನ್ನಡತಿ ರಾಜೇಶ್ವರಿ ಗಾಯಕವಾಡರು ಐದು ವಿಕೆಟ್ಟುಗಳನ್ನು ಕಿತ್ತರು. ಎದುರಾಳಿಗಳು 79ಕ್ಕೆ ಮುಗಿದರು. ನಮ್ಮವರು ಉಪಾಂತ್ಯಕ್ಕೇರಿದರು. ಈ ಇಬ್ಬರ ಹೆಸರು ಕನ್ನಡನಾಡಿನ ಎಷ್ಟು ಶಾಲೆಗಳ ಮಕ್ಕಳಿಗೆ ಗೊತ್ತು? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ವಿಷಯದಲ್ಲಿಯೇ ಹುಟ್ಟಿದಂತಿದೆ.

ಕಾಲವೂ ಅವರಿಗೆ ಅನುಕೂಲವಾಗಲಿಲ್ಲ. 48 ಏಕದಿನ ಪಂದ್ಯಗಳನ್ನೂ 76 ಇಪ್ಪತ್ತು ಓವರುಗಳ ಪಂದ್ಯಗಳನ್ನೂ ಆಡಿದ ಅವರು ದೇಶಕ್ಕಾಗಿ ಕಡೆಯದಾಗಿ ಆಡಿದ್ದು 2020ರ ಮಾರ್ಚ್ 8ರಂದು. ಮಹಿಳೆಯರಿಗೆ ಪುರುಷರಷ್ಟೇ ಪಂದ್ಯಶುಲ್ಕವೆಂಬ ನಿರ್ಣಯ ಬಂದುದು 2022ರಲ್ಲಿ. ಮಹಿಳೆಯರ ಪ್ರೀಮಿಯರ್ ಲೀಗ್ ಆರಂಭವಾದುದು 2023ರಲ್ಲಿ. ಬಿತ್ತಿದವರಿಗೂ ಕೊಯ್ದವರಿಗೂ ನಡುವೆ ಇಷ್ಟು ಅಂತರವಿರುವಲ್ಲಿ ಕೀರ್ತಿಯೊಂದನ್ನೇ ಯೋಗ್ಯತೆಯ ಅಳತೆಗೋಲೆಂದು ಭಾವಿಸುವುದು ವಿವೇಕವಲ್ಲ.

ಸನ್ಮಾನ, ಶಾಲು, ಹಾರಗಳಿಂದ ಈ ಋಣ ತೀರದು. ಬಾಲ್ಯದಲ್ಲಿಯೇ ವೇದಾ ಅವರು ಶಿಕ್ಷಣಕ್ಕಾಗಿ ಬೆಂಗಳೂರನ್ನು ಸೇರಬೇಕಾಯಿತು. ಮನೆಯವರ ಬೆಂಬಲವಿದ್ದುದರಿಂದ ಅದು ಸಾಧ್ಯವಾಯಿತು. ಮೂಡಿಗೆರೆಯ ತೋಟದ ಲೈನುಗಳಲ್ಲಿ ಬೆಳೆಯುವ ಕೂಲಿಯವರ ಮಗಳಿಗೆ, ಕಳಸದ ಸಣ್ಣ ಹಿಡುವಳಿದಾರನ ಮಗಳಿಗೆ ಆ ದಾರಿಯೆಲ್ಲಿ? ಮಲೆನಾಡಿನಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ ಬಿಡುವುದಿಲ್ಲ. ಬಯಲಿನಲ್ಲಿ ಆಡುವುದು ಆಗದ ಮಾತು. ಆದುದರಿಂದ ತಾಲ್ಲೂಕಿಗೊಂದು ಚಾವಣಿಯುಳ್ಳ ಅಭ್ಯಾಸಶಾಲೆ, ಒಬ್ಬ ಶಿಕ್ಷಕಿ, ಆಟ ಮುಗಿದ ಮೇಲೆ ಹುಡುಗಿಯರನ್ನು ಊರು ಸೇರಿಸುವ ಸಂಜೆಯ ಬಸ್ಸು, ಇಷ್ಟು ಆಗಲೇಬೇಕು. ಕಾಫಿಯ ಬೆಲೆ ಏರಿದಾಗ ಸಂತೋಷಪಟ್ಟ ತೋಟದ ಮಾಲೀಕರು ಚಾವಣಿಗೆ ನೆರವಾಗಲಿ. ಸರ್ಕಾರದ ಅಧಿಕಾರಿಗಳು ಸ್ಥಳವನ್ನೂ ಸಂಬಳವನ್ನೂ ಒದಗಿಸಲಿ.

ಯಾರ ಕೀರ್ತಿ ಹೆಚ್ಚು, ಯಾರದು ಕಡಮೆ ಎಂಬ ಚರ್ಚೆಯನ್ನು ಬಿಡುವಿದ್ದವರು ಮಾಡಲಿ. ಕಡೂರಿನ ಹುಡುಗಿಯೊಬ್ಬಳು ನಡೆದ ಹಾದಿ ಘಟ್ಟದ ಹುಡುಗಿಯರಿಗೂ ತೆರೆಯುವಂತೆ ಮಾಡುವುದು ನಮ್ಮ ಜಿಲ್ಲೆಯ ಮಹಾಜನರ ಕರ್ತವ್ಯವೆಂದು ನಾವು ಒತ್ತಿ ಹೇಳುತ್ತೇವೆ.