ಕೇಳದೆ ಕೊಂಡ ಹಾಡು

ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಕೊಳ್ಳುವ, ಮಡಕೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಅದರ ದನಿಯನ್ನು ಪರೀಕ್ಷಿಸಿ ಕೊಳ್ಳುವ ಜನ ನಾವು. ಇಂಥ ನಾವೇ, ದನಿಯಲ್ಲದೆ ಬೇರೇನೂ ಇಲ್ಲದ ಒಂದು ಪದಾರ್ಥವನ್ನು ಮಾತ್ರ ಕೇಳಿ ನೋಡದೆ ಕೊಳ್ಳುತ್ತಿದ್ದ ಕಾಲವೊಂದಿತ್ತು ಎಂದರೆ ಇಂದಿನ ಮಕ್ಕಳು ನಗುತ್ತಾರೆ. ಅಂಗೈಯೊಳಗಿನ ಫೋನಿನಲ್ಲಿ ಬೇಕಾದ ಹಾಡನ್ನು ಬೇಕಾದಾಗ ಕೇಳಿ, ಬೇಡವಾದರೆ ಅರೆಗಳಿಗೆಯಲ್ಲಿ ತಳ್ಳಿಬಿಡುವ ಅವರಿಗೆ, ಗ್ರಾಮಫೋನು ಪ್ಲೇಟುಗಳನ್ನು ಅಚ್ಚಾದ ಪಟ್ಟಿಯಿಂದ ಆರಿಸಿ, ವಿ.ಪಿ. ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದ ಸಂಭ್ರಮವನ್ನು ವಿವರಿಸಿ ಹೇಳುವುದು ಸುಲಭವಲ್ಲ.

ನಾನು ಹೇಳುತ್ತಿರುವುದು 1960ರ ದಶಕದ ಮೊದಲ ವರ್ಷಗಳ ಮಾತು. ಆಲೂರು ತಾಲ್ಲೂಕಿನ ಕೆ. ಹೊಸಕೋಟೆಯ ಆಸುಪಾಸಿನ ಕಾಫಿ ತೋಟವೊಂದರಲ್ಲಿ ನಮ್ಮ ದೊಡ್ಡಪ್ಪನವರು ರೈಟರಾಗಿದ್ದರು. ಆ ಕಡೆ ಮಳೆ ಹಿಡಿಯಿತೆಂದರೆ ನೆಂಟರೂ ಬರುವುದಿಲ್ಲ, ನೆಂಟರ ಮನೆಗೆ ಹೋಗುವಂತೆಯೂ ಇಲ್ಲ. ಮನೆಯಲ್ಲಿ ವಿದ್ಯುದ್ದೀಪವಿರಲಿಲ್ಲ. ಆದರೆ ಕೀಲಿ ಕೊಟ್ಟರೆ ಹಾಡುವ ಗ್ರಾಮಫೋನು ಪೆಟ್ಟಿಗೆಯೊಂದಿತ್ತು. ತೋಟವನ್ನು ಮಾರಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬರಿಂದ ದೊಡ್ಡಪ್ಪ ಅದನ್ನು ಅಗ್ಗವಾಗಿ ಕೊಂಡಿದ್ದರು. ಅದರ ಸಂಗಡ ಪುಕ್ಕಟೆಯಾಗಿ ಬಂದ ಮೂರು ಇಂಗ್ಲಿಷ್ ಪ್ಲೇಟುಗಳನ್ನು ಮೆಚ್ಚಿದವನು ದನಗಾಹಿ ಹುಡುಗನೊಬ್ಬನೇ.

ಪೆಟ್ಟಿಗೆ ದೊಡ್ಡಪ್ಪನದಾದರೂ ಪ್ಲೇಟಿನ ಪಟ್ಟಿ ದೊಡ್ಡಮ್ಮನದು. ಅವರು ಮೈಸೂರಿನ ಹೆಣ್ಣುಮಗಳು. ವರ್ಣಗಳನ್ನು ಮುಗಿಸಿ ಕೃತಿಗಳಿಗೆ ಕೈಹಾಕುವ ಹೊತ್ತಿಗೆ ಮದುವೆಯಾಗಿ ಈ ಮಲೆಗೆ ಬಂದರು. ಇಲ್ಲಿ ಸಂಗೀತದ ಮೇಷ್ಟರೆಲ್ಲಿ? ಹಾಸನಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುವುದು ಸೊಸೆಯಾದವಳಿಗೆ ಸಾಧ್ಯವಾದ ಮಾತೇ? ಅರ್ಧಕ್ಕೆ ನಿಂತ ಪಾಠ ಮುಂದುವರಿಯಬೇಕಾದರೆ ಗುರುವೇ ಅಂಚೆಯಲ್ಲಿ ಬರಬೇಕಾಗಿತ್ತು. ಅಂತೆಯೇ ಬಂದರು.

ಬೆಂಗಳೂರಿನ ವ್ಯಾಪಾರಿಯೊಬ್ಬರು ಕಳುಹಿಸುತ್ತಿದ್ದ ಪಟ್ಟಿಯಲ್ಲಿ ಇರುತ್ತಿದ್ದುದು ಪ್ಲೇಟಿನ ನಂಬರು, ಹಾಡಿದವರ ಹೆಸರು, ಹಾಡಿನ ಮೊದಲ ಮಾತು, ರಾಗ, ತಾಳ, ಇಷ್ಟೇ. ದೊಡ್ಡಮ್ಮ ಅದನ್ನು ಪಂಚಾಂಗದಂತೆ ಓದುತ್ತಿದ್ದರು. ಒಲೆಯ ಮುಂದೆ ಕುಳಿತು, ರಾಗದ ಹೆಸರನ್ನು ಕಂಡೊಡನೆ ಆ ಹಾಡು ಹೀಗಿದ್ದೀತೆಂದು ಮೆಲ್ಲನೆ ಗುನುಗಿ ನೋಡುವರು. ಪೆನ್ಸಿಲಿನಿಂದ ಹತ್ತಕ್ಕೆ ಗುರುತು ಹಾಕಿ, ಎಂಟನ್ನು ಹೊಡೆದುಹಾಕಿ, ಎರಡಕ್ಕೆ ಕಾರ್ಡು ಬರೆಯುವರು. ತರಿಸಿದ ಹಾಡಿಗಿಂತ ತರಿಸದೆ ಬಿಟ್ಟ ಹಾಡುಗಳೇ ಆ ಮನೆಯಲ್ಲಿ ಹೆಚ್ಚು ದಿನ ಮೊಳಗಿದವೆಂದು ನನಗೆ ಎಷ್ಟೋ ವೇಳೆ ತೋರಿದ್ದುಂಟು.

ವಿ.ಪಿ. ಎಂಬುದು ನಮ್ಮ ದೇಶದ ಅಂಚೆಯವರು 1877ರಲ್ಲಿ ತಂದ ಏರ್ಪಾಡು. ಪಾರ್ಸೆಲ್ಲು ಬಂದಾಗ ಹಣ ತೆತ್ತು ಬಿಡಿಸಿಕೊಳ್ಳಬೇಕು. ಹಣವಿಲ್ಲದಿದ್ದರೆ ಕೆಲವು ದಿನ ಕಾದು ಅದು ಬಂದ ದಾರಿಯನ್ನೇ ಹಿಡಿಯುತ್ತದೆ. ದೊಡ್ಡಮ್ಮನ ಹಣವೆಂದರೆ ಹಾಲು ಮಾರಿ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆ. ಪಾರ್ಸೆಲ್ಲು ಬಂದಾಗ ಹಸು ಬತ್ತಿರಬಾರದು. ಒಂದು ವರ್ಷ ಬತ್ತಿತ್ತು. ಪಾರ್ಸೆಲ್ಲು ವಾಪಸು ಹೋಯಿತು. ಅವರು ಯಾರಿಗೂ ಏನೂ ಹೇಳಲಿಲ್ಲ. ಪಟ್ಟಿಯಲ್ಲಿ ಆ ನಂಬರಿನ ಮುಂದೆ ಸಣ್ಣದೊಂದು ಸೊನ್ನೆ ಬರೆದಿಟ್ಟರು.

ಬಂದದ್ದೆಲ್ಲ ಬೇಡಿದ್ದೇ ಆಗಿರುತ್ತಿರಲಿಲ್ಲ. ಒಮ್ಮೆ ಪಟ್ಟಮ್ಮಾಳ್ ಅವರ ಹಾಡಿಗೆ ಬರೆದರೆ, ದಾಸ್ತಾನು ಮುಗಿದಿದೆಯೆಂಬ ಚೀಟಿಯೊಡನೆ ಪಿಟೀಲು ಚೌಡಯ್ಯನವರ ಪ್ಲೇಟು ಬಂತು. ದೊಡ್ಡಪ್ಪ ಹಿಂದಿರುಗಿಸೋಣವೆಂದರು. “ಬಂದ ಅತಿಥಿಯನ್ನು ಹೊಸ್ತಿಲಿನಿಂದ ಅಟ್ಟುವುದುಂಟೇ? ಒಮ್ಮೆ ಕೇಳೋಣ ಇರಿ” ಎಂದು ದೊಡ್ಡಮ್ಮ ಮುಳ್ಳು ಇಟ್ಟರು. ಏಳು ತಂತಿಯ ಆ ಪಿಟೀಲಿನ ನಾದ ತುಂಬಿದ ಮೇಲೆ ಹಿಂದಿರುಗಿಸುವ ಮಾತನ್ನು ಯಾರೂ ಎತ್ತಲಿಲ್ಲ. ತಮ್ಮ ರುಚಿಗೆ ತಕ್ಕದ್ದನ್ನೇ ಆರಿಸುವವರಿಗೆ ಇಂಥ ಅತಿಥಿ ಬರುವುದು ದುರ್ಲಭ.

ಪ್ಲೇಟಿನ ಹುಟ್ಟೂ ಸೋಜಿಗದ್ದೇ. ನಮ್ಮ ಕಾಡುಮರಗಳ ಮೇಲೆ ಕೀಟಗಳು ಕಟ್ಟುವ ಅರಗೇ ಅದರ ಜೀವಾಳ. ಪಾಂಡವರಿಗೆ ಕುತ್ತು ತಂದ ಅರಗಿನ ಮನೆ ನಮ್ಮ ಗಾಯಕರಿಗೆ ಆಸರೆಯಾಯಿತು. ಹತ್ತು ಅಂಗುಲದ ಪ್ಲೇಟು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಸುತ್ತಿದರೆ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷದ ಹಾಡು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಮುದ್ರಿಕೆ ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಚ್ಚಾಗಿ ಬರಬೇಕಾಗಿತ್ತು. ಅಲ್ಲಿನವರಿಗೆ ಗುರುತು ಸಿಕ್ಕಲೆಂದು ಆಕೆ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರಂತೆ. ಆಕೆಯ ಕಡೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲೇ, ತೀರಿಕೊಂಡದ್ದು 1930ರಲ್ಲಿ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಪಟ್ಟಿಯನ್ನೇ ನಂಬಿದವರಿಗೆ ಹೆಸರೂ ಹೀಗೆ ಕೈಕೊಡುವುದಿತ್ತು.

ದೂರದಿಂದ ಪ್ಲೇಟು ತರಿಸುವ ಈ ಹುಚ್ಚು ಅರಮನೆಯನ್ನೂ ಬಿಟ್ಟಿರಲಿಲ್ಲ. ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದಲ್ಲಿ ಅಪಾರ ಒಲವು. ಅವರ ಪ್ಲೇಟುಗಳ ಭಂಡಾರ ಬಲು ದೊಡ್ಡದು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯನ್ ಸಂಗೀತಗಾರ ಮೆಟ್ನರನ ಕೃತಿಗಳು ಸಾಕಷ್ಟು ಮುದ್ರಿತವಾಗಿಲ್ಲವೆಂದು ಕಂಡು, ತಾವೇ ಹಣ ಕೊಟ್ಟು 1940ರ ದಶಕದ ಕೊನೆಯಲ್ಲಿ ಅವನ್ನು ಪ್ಲೇಟುಗಳಾಗಿ ಹೊರಡಿಸಿದರು. ಮೆಟ್ನರನು ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. ಪಟ್ಟಿಯಲ್ಲಿಲ್ಲದ್ದನ್ನು ಮಾಡಿಸಿಕೊಳ್ಳುವುದು ಮಹಾರಾಜರಿಗೆ ಸಾಧ್ಯ. ರೈಟರ ಹೆಂಡತಿ ಸೊನ್ನೆ ಬರೆದಿಡಬೇಕು. ಆದರೆ ಆಸೆಯ ಜಾತಿ ಒಂದೇ.

ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಊರುಗಳ ಯುವಕರೂ 1970ರ ದಶಕದಲ್ಲಿ ಹೀಗೆಯೇ ಅಮೆರಿಕದ ಕಪ್ಪು ಜನರ ‘ಸೋಲ್’ ಹಾಡುಗಳ ಬೆನ್ನು ಹತ್ತಿದ್ದರು. ವ್ಯಾಪಾರಿಗಳು ಟೈಪು ಮಾಡಿ ಅಂಚೆಯಲ್ಲಿ ಕಳುಹಿಸಿದ ಪಟ್ಟಿಗಳನ್ನು ನೋಡಿ, ತಾಯ್ನಾಡಿನಲ್ಲೇ ಮಾರಾಟವಾಗದೆ ಮೂಲೆಗೆ ಬಿದ್ದ ಹಾಡುಗಳನ್ನು ತರಿಸಿಕೊಳ್ಳುತ್ತಿದ್ದರು. ವಿಗನ್ ಎಂಬ ಪಟ್ಟಣದ ಕ್ಯಾಸಿನೊ ನೃತ್ಯಶಾಲೆಯಲ್ಲಿ 1973ರಿಂದ 1981ರವರೆಗೆ ಇಡೀ ರಾತ್ರಿ ಆ ಹಾಡುಗಳಿಗೆ ಕುಣಿದರು. ಕೇಳುವವನಿಲ್ಲದೆ ಸತ್ತಿದ್ದ ಹಾಡಿಗೆ ಕೇಳುವವನು ಜೀವ ಕೊಟ್ಟ ಕಥೆಯದು.

ದೊಡ್ಡಮ್ಮ ಮಾಡಿದ್ದೂ ಅದನ್ನೇ ಅಲ್ಲವೇ? ಪಟ್ಟಮ್ಮಾಳ್ ಹಾಡಿದ ದೀಕ್ಷಿತರ ಕೃತಿಯೊಂದು ಕಡೆಗೂ ಬಂತು. ಅದರಲ್ಲೊಂದು ಸಂಗತಿ ಅವರ ಕಂಠಕ್ಕೆ ಒಗ್ಗದು. ಮುಳ್ಳನ್ನೆತ್ತಿ ಹಿಂದಕ್ಕಿಡುವರು, ಕೇಳುವರು, ಹಾಡುವರು, ಮತ್ತೆ ಎತ್ತಿಡುವರು. ಇಡೀ ಒಂದು ಮಳೆಗಾಲ ಹೀಗೇ ನಡೆಯಿತು. ದೀಪಾವಳಿಯ ಹೊತ್ತಿಗೆ ಸಂಗತಿ ಕಂಠದಲ್ಲಿ ಕುಳಿತಿತ್ತು. ಪ್ಲೇಟಿನಲ್ಲಿ ಮಾತ್ರ ಎಳ್ಳಿನಷ್ಟು ಅಗಲದ ಪಟ್ಟೆಯೊಂದು ಸವೆದು ಬೂದಿಬಣ್ಣಕ್ಕೆ ತಿರುಗಿತ್ತು. ಮುಂದೆ ಸುತ್ತಲಿನ ತೋಟಗಳ ಹೆಣ್ಣುಮಕ್ಕಳು ಅವರ ಬಳಿ ಹಾಡು ಹೇಳಿಸಿಕೊಂಡರು. ಅವರಲ್ಲಿ ಕೆಲವರು ತಮ್ಮ ಮಕ್ಕಳಿಗೆ ಕಲಿಸಿದರು. ಅಂಚೆಯಲ್ಲಿ ಬಂದ ಪಾಠ ಅಂಚೆಯ ನೆರವಿಲ್ಲದೆ ಮುಂದುವರಿಯಿತು.

ಕ್ಯಾಸೆಟ್ಟುಗಳ ಕಾಲ ಬಂತು. 1978ರಲ್ಲಿ ‘ನಿತ್ಯೋತ್ಸವ’ ಹೊರಬಂದು ಭಾವಗೀತೆ ಮನೆಮನೆಗೆ ಹರಿಯಿತು. ಪ್ಲೇಟುಗಳು ಅಟ್ಟ ಸೇರಿದವು. ಅಟ್ಟದಿಂದ ಗುಜರಿಗೆ ಹೋದವು ಎಷ್ಟೋ. ಹಳೆಯದೆಲ್ಲ ಚಿನ್ನವೆಂದು ನಾನು ವಾದಿಸುವುದಿಲ್ಲ. ಹಾಲಿನ ದುಡ್ಡನ್ನು ಎಣಿಸದೆ ಇಂದು ಯಾವ ಹುಡುಗಿಯಾದರೂ ತನಗೆ ಬೇಕಾದ ಕೃತಿಯನ್ನು ಕೇಳಬಹುದು. ಇದು ಸಣ್ಣ ಭಾಗ್ಯವಲ್ಲ. ಆದರೆ ಒಂದೇ ಸಂಗತಿಗಾಗಿ ಒಂದು ಮಳೆಗಾಲವನ್ನು ಕೊಡುವ ತಾಳ್ಮೆ ಆ ಭಾಗ್ಯದೊಡನೆ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಸಂಪಾದಿಸಬೇಕು.

ವಾಚಕರ ಮನೆಗಳ ಅಟ್ಟದಲ್ಲಿ ಇಂಥ ಪ್ಲೇಟುಗಳಿದ್ದರೆ ದಯಮಾಡಿ ಮಾರಿಬಿಡಬೇಡಿ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಬಿಸಿಲು, ಒಲೆಗಳಿಂದ ದೂರವಿಡಿ. ಚೊಕ್ಕಟ ಮಾಡುವ ಹುರುಪಿನಲ್ಲಿ ಸ್ಪಿರಿಟ್ ಹಚ್ಚಿದರೆ ಅರಗು ಕರಗಿ ಹಾಡು ಅಳಿಸಿಹೋಗುತ್ತದೆ. ಮೆತ್ತನೆಯ ಒಣಬಟ್ಟೆ ಸಾಕು. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಇಂಥ ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ಇಳಿಸುವ ಕೆಲಸವನ್ನು ಮಾಡಿದೆ. ಮನೆಯಲ್ಲಿ ಹಿರಿಯರಿದ್ದರೆ ಯಾವ ಪ್ಲೇಟನ್ನು ಯಾರು, ಯಾವ ವರ್ಷ, ಏಕೆ ತರಿಸಿದರೆಂದು ಕೇಳಿ ಬರೆದಿಟ್ಟುಕೊಳ್ಳಿ. ಹಾಡು ಎಲ್ಲಾದರೂ ಸಿಕ್ಕೀತು. ಈ ವಿವರ ನಿಮ್ಮ ಮನೆಯ ಹೊರತು ಬೇರೆಲ್ಲಿಯೂ ಸಿಕ್ಕದು.